ಮುಖ ಕಾಣುವ ದೋಣಿ

“ಇನ್ನು ಮೀಸೆ ತಿದ್ದುವುದಕ್ಕೆ ಕನ್ನಡಿ ಬೇಡ ಮಾಷ್ಟ್ರೇ, ಹೊಳೆಬದಿಗೆ ಬಂದರೆ ಸಾಕು.”

ಬಣ್ಣ ಹೊಡೆಸಿದ ಮರುದಿನ ಬೆಳಿಗ್ಗೆ ನೆರೆಮನೆಯವರು ನಮ್ಮ ದೋಣಿಯನ್ನು ನೋಡಿ ಹೇಳಿದ ಮಾತಿದು. ತಮಾಷೆಗೆ ಹೇಳಿದ್ದರೂ ಸುಳ್ಳೇನೂ ಆಗಿರಲಿಲ್ಲ. ತೆಂಗಿನ ಕೊರಡುಗಳ ಮೇಲೆ ಕವುಚಿ ಹಾಕಿದ್ದ ದೋಣಿಯ ಕಡುನೀಲಿ ಮೈಯಲ್ಲಿ ತೆಂಗಿನ ಗರಿಗಳು, ಹಗ್ಗದ ಮೇಲೆ ಒಣಗುತ್ತಿದ್ದ ಬೈರಾಸು, ಅವರ ಮುಖ, ನನ್ನ ಮುಖ ಎಲ್ಲವೂ ಕಾಣುತ್ತಿದ್ದವು. ನನ್ನ ಮುಖ ಒಂದಿಷ್ಟು ಸೊಟ್ಟಗಿತ್ತು. ಅದು ಹಲಗೆಯ ಸೊಟ್ಟು ಎಂದು ಆಮೇಲೆ ತಿಳಿದು ಸಮಾಧಾನವಾಯಿತು.

ಗಂಗೊಳ್ಳಿಯ ಅಳಿವೆಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮೊದಲಾಗಿ ಐದು ಹೊಳೆಗಳು ಕೂಡಿಕೊಂಡು ಪಂಚಗಂಗಾವಳಿ ಎಂದು ಕರೆಸಿಕೊಂಡು ಸಮುದ್ರ ಸೇರುತ್ತವೆ. ಅಲ್ಲಿಂದ ಒಳಗೆ, ಉಪ್ಪುನೀರು ಏರಿ ಇಳಿಯುವ ದಂಡೆಯ ಮೇಲೆ ನಮ್ಮ ಮನೆ. ಎದುರಿನ ಕುದ್ರುವಿನಲ್ಲಿ ನಮಗೆ ಇಪ್ಪತ್ತೆಂಟು ತೆಂಗಿನ ಮರಗಳಿವೆ. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಘಟ್ಟದ ಮೇಲಿನ ಓದುಗರಿಗಾಗಿ ಹೇಳಿದೆ. ಕಾಯಿ ಕೀಳಿಸಿದಾಗ ತರುವುದಕ್ಕೆ, ಸೋಗೆ ತರುವುದಕ್ಕೆ, ಸುಮ್ಮನೆ ಹೋಗಿ ಕುಳಿತು ಬರುವುದಕ್ಕೆ ದೋಣಿ ಬೇಕೇ ಬೇಕು. ಹದಿನೆಂಟು ಅಡಿಯ ಈ ದೋಣಿಯನ್ನು ಅಪ್ಪ ಹೆಬ್ಬಲಸಿನ ಹಲಗೆಯಲ್ಲಿ ಕಟ್ಟಿಸಿದಾಗ ನಾನು ಏಳನೆಯ ತರಗತಿ.

ಅಪ್ಪನ ಕಾಲದಲ್ಲಿ ಅದಕ್ಕೆ ಬಣ್ಣವೆಂಬುದೇ ಇರಲಿಲ್ಲ. ವರ್ಷಕ್ಕೊಮ್ಮೆ ಒಳಮೈಗೆ ಬೈಗೆ ಮೀನಿನ ಎಣ್ಣೆ, ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಆ ಎರಡನೆಯದು ಕಪ್ಪಗೆ, ಕಾಕಂಬಿಯಷ್ಟು ಮಂದವಾಗಿರುತ್ತಿತ್ತು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಅಪ್ಪ ಕೈಗೆ ತೆಂಗಿನೆಣ್ಣೆ ಬಳಿದುಕೊಂಡು, ಕೋಲಿಗೆ ಕಟ್ಟಿದ ನಾರಿನ ಕುಂಚದಲ್ಲಿ ಹಚ್ಚುತ್ತಿದ್ದರು. ಆ ವಾರವೆಲ್ಲ ಅಮ್ಮ ಅವರಿಗೆ ಊಟವನ್ನು ಜಗಲಿಯಲ್ಲೇ ಬಡಿಸುತ್ತಿದ್ದಳು; ಮೀನೆಣ್ಣೆಯ ವಾಸನೆ ಅಂಥದ್ದು. ಹಚ್ಚಿದ ಎಣ್ಣೆಯನ್ನು ಮರ ಕುಡಿದುಬಿಡುತ್ತಿತ್ತು. ದೋಣಿಗೆ ಸುಟ್ಟ ಹಂಚಿನ ಹಾಗೆ, ಹಳೆಯ ಕಾವಲಿಯ ಹಾಗೆ ಒಂದು ಮಂದ ಕಪ್ಪು ಬರುತ್ತಿತ್ತು. ಬೆಳಕು ಅದರ ಮೇಲೆ ಬಿದ್ದರೆ ಅಲ್ಲಿಯೇ ಉಳಿಯುತ್ತಿತ್ತು.

ಅಪ್ಪ ಹೋದ ಮೇಲೆ ನಾಲ್ಕು ವರ್ಷ ದೋಣಿ ಕೊಟ್ಟಿಗೆಯ ಬದಿಯಲ್ಲಿ ಮಲಗಿತ್ತು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ನಿವೃತ್ತನಾಗಿ ಊರಿಗೆ ಬಂದಮೇಲೆ ಆಚಾರಿಯನ್ನು ಕರೆಸಿ ಮೂರು ಹಲಗೆ ಬದಲಿಸಿ, ಸಂದುಗಳಿಗೆ ಹತ್ತಿ ತುಂಬಿಸಿದೆ. ಗೇರೆಣ್ಣೆಯ ಗೊಡವೆ ಯಾರಿಗೂ ಬೇಡವಾಗಿತ್ತು. ಎಲ್ಲರ ಹಾಗೆ ನಾವೂ ಎನಾಮೆಲ್ ಹೊಡೆಸುವುದೆಂದು ತೀರ್ಮಾನವಾಯಿತು.

ಪೇಂಟರು ಈ ಸೀಮೆಯ ಹಳಬರು. ಒಂದು ಕಾಲದಲ್ಲಿ ಕುಂದಾಪುರದ ಕಡೆಯ ಬಸ್ಸುಗಳ ಮೇಲೆ ಹೆಸರು ಬರೆಯುತ್ತಿದ್ದ ಕೈ. ಈಗ ಬಸ್ಸುಗಳಿಗೆ ಸ್ಟಿಕ್ಕರ್ ಬಂದಿದೆ. ಅವರು ಗೇಟು, ಕಿಟಕಿ, ದೋಣಿಗಳಿಗೆ ಇಳಿದಿದ್ದಾರೆ. ಇಳಿದಿದ್ದಾರೆ ಎನ್ನುವುದು ನನ್ನ ಮಾತಲ್ಲ, ಅವರದೇ. ಪ್ರೈಮರ್ ಹಾಕಿ, ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಎರಡು ಕೋಟು ಬಣ್ಣಕ್ಕೆ ಒಪ್ಪಿಕೊಂಡವರು ಮೂರು ಕೋಟು ಹೊಡೆದರು. ಮೂರನೆಯದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. “ನಿಮ್ಮ ತಂದೆಯವರು ನನಗೆ ಆಗದವರಲ್ಲ,” ಎಂದರು. ಶಿವರಾತ್ರಿಗೆ ಒಂದು ವಾರವಿತ್ತು. ಕೊನೆಯ ದಿನ ಮುಗಿಸಿಯೇಬಿಡುವ ಹಟದಲ್ಲಿ ಕತ್ತಲಾಗುವವರೆಗೂ ಬ್ರಷ್ ಆಡಿಸಿದರು.

ಆ ಹಟದ ಫಲವಾಗಿ ಒಂದು ಎಡವಟ್ಟಾಯಿತು. ಸಂಜೆ ಕೊನೆಯಲ್ಲಿ ಹೊಡೆದ, ಎಡಮಗ್ಗುಲಿನ ಹಿಂತುದಿಯ ಸುಮಾರು ನಾಲ್ಕು ಅಡಿ ಜಾಗ ಹೊಳೆಯಲೇ ಇಲ್ಲ. ಬೆಳಿಗ್ಗೆ ನೋಡಿದರೆ ಉಳಿದ ದೋಣಿ ಕನ್ನಡಿ, ಆ ನಾಲ್ಕು ಅಡಿ ಮಾತ್ರ ಹಳೆಯ ಪಾಟಿ. ಕಾರಣ ಕಷ್ಟದ್ದೇನಲ್ಲ. ಎನಾಮೆಲ್ ಒಣಗುವುದೆಂದರೆ ಅದರೊಳಗಿನ ಟರ್ಪಂಟೈನ್ ಹಾರಿಹೋಗುವುದಷ್ಟೇ ಅಲ್ಲ. ಉಳಿದ ಎಣ್ಣೆಯ ಅಂಟು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಬಲೆಯಂತೆ ಹೆಣೆದುಕೊಳ್ಳಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಇಬ್ಬನಿ ಬಿತ್ತು. ಇನ್ನೂ ಹಸಿಯಾಗಿದ್ದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಕುಳಿತು, ಅಲ್ಲಲ್ಲೇ ಚುಕ್ಕಿ ಗುಳಿ ಮಾಡಿ ಹೋದವು. ಪೇಂಟರಿಗೆ ನಾಚಿಕೆ. ಮನೆ ಒಳಗೆ ಬಂದು ಚಹಾ ಕುಡಿಯಲೂ ಒಪ್ಪಲಿಲ್ಲ. “ಎಂಟು ದಿನ ಬಿಡಿ ಮಾಷ್ಟ್ರೇ, ಆ ಭಾಗ ಉಜ್ಜಿ ಮತ್ತೆ ಹೊಡೆದು ಕೊಡುತ್ತೇನೆ.”

ಆ ಎಂಟು ದಿನದಲ್ಲಿ ನನಗೆ ಬುದ್ಧಿ ಬಂತು.

ಮೊದಲ ಸವಾರಿಗೆ ಚಿಕ್ಕಪ್ಪನೂ ಇದ್ದರು. ಎಂಬತ್ತು ದಾಟಿದರೂ ಗಳ ಹಿಡಿದು ನಿಂತರೆ ದೋಣಿ ಅವರ ಮಾತು ಕೇಳುತ್ತದೆ. ಬೆಳಿಗ್ಗೆ ಏಳೂವರೆ. ನಮ್ಮ ಮನೆಯಿಂದ ಕುದ್ರು ಮೂಡು ದಿಕ್ಕಿಗೆ, ಎದುರಿಗೇ ಸೂರ್ಯ. ಹತ್ತು ಗಳ ಹಾಕುವಷ್ಟರಲ್ಲಿ ಚಿಕ್ಕಪ್ಪ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. ಆಕಾಶದ ಸೂರ್ಯನಿಗೆ ತಲೆ ತಗ್ಗಿಸಿದರೆ ಆಗುತ್ತದೆ. ದೋಣಿಯ ಮೂತಿಯ ಒಳಹಲಗೆಯಲ್ಲಿ ಇನ್ನೊಬ್ಬ ಸೂರ್ಯ ಕುಳಿತಿದ್ದ. ತಲೆ ತಗ್ಗಿಸಿದವರ ಕಣ್ಣಿಗೇ ನೇರ ಹೊಡೆಯುತ್ತಿದ್ದ. “ಇದೇನು ಮಾರಾಯ, ಅಪ್ಪನ ದೋಣಿಗೆ ಟಾರ್ಚು ಹಾಕಿಸಿದ್ದೀಯಾ?” ಎಂದರು. ಹಿಂದಿರುಗುವಾಗ ಇನ್ನೊಂದು. ಒಳಗಿನ ಕಾಲುಹಲಗೆಗೂ ಅದೇ ಎನಾಮೆಲ್ ಹೊಡೆದಿತ್ತು, ಅದರ ಮೇಲೆ ನೀರು ಚೆಲ್ಲಿತ್ತು. ಕಾಯಿಯ ಚೀಲ ಎತ್ತಿಕೊಟ್ಟು ತಿರುಗುವಾಗ ನನ್ನ ಬಲಗಾಲು ಜಾರಿ, ನಾನು ಹೊಳೆಗೆ, ಚೀಲ ನನ್ನ ಮೇಲೆ. ನೀರು ಸೊಂಟದಷ್ಟೇ ಇತ್ತು. ಕಾಯಿಗಳು ತೇಲುತ್ತವೆ ಎಂಬುದೊಂದೇ ಅಂದಿನ ಲಾಭ.

ಕೆಸರು ತೊಳೆದುಕೊಂಡು ದಂಡೆಯಲ್ಲಿ ಕುಳಿತು ದೋಣಿಯನ್ನು ನೋಡಿದೆ. ಎಲ್ಲ ಕಡೆಯೂ ಕಣ್ಣು ಕುಕ್ಕುತ್ತಿತ್ತು. ಇಬ್ಬನಿ ಬಿದ್ದ ಆ ನಾಲ್ಕು ಅಡಿ ಮಾತ್ರ ಶಾಂತವಾಗಿತ್ತು. ಅಲ್ಲಿ ನೀಲಿ ನೀಲಿಯಾಗಿಯೇ ಕಾಣುತ್ತಿತ್ತು. ಹೊಳೆಯುವ ಕಡೆ ನೀಲಿಯೇ ಇರಲಿಲ್ಲ, ಆಕಾಶವಿತ್ತು, ಮರವಿತ್ತು, ನಾನಿದ್ದೆ. ಇಡೀ ದೋಣಿ ಆ ನಾಲ್ಕು ಅಡಿಯ ಹಾಗೆ ಆಗಬೇಕು ಅನ್ನಿಸಿತು.

ಎಂಟನೆಯ ದಿನ ಬ್ರಷ್ ಹಿಡಿದು ಬಂದ ಪೇಂಟರಿಗೆ ಇದನ್ನು ಹೇಳಿದೆ. ನನ್ನ ಜೀವನದಲ್ಲಿ ಹೇಳಿದ ಕಷ್ಟದ ಮಾತುಗಳಲ್ಲಿ ಅದೂ ಒಂದು. ಅವರು ದೋಣಿಯನ್ನು ನೋಡಿದರು, ನನ್ನನ್ನು ನೋಡಿದರು.

“ಹೊಳಪು ಬೇಡದವರು ಪೇಂಟು ಯಾಕೆ ಹೊಡೆಸುವುದು ಮಾಷ್ಟ್ರೇ?”

ಉತ್ತರ ಹುಡುಕುವುದಕ್ಕೆ ನನಗೆ ಒಂದು ತಿಂಗಳು ಬೇಕಾಯಿತು. ಅವರು ಬ್ರಷ್ ಒದ್ದೆಯೂ ಮಾಡದೆ ಹೋದರು.

ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ನಮ್ಮಲ್ಲಿ ಹೊಸತು ಎಂದರೆ ಹೊಳೆಯಬೇಕು. ಸ್ಕೂಟರಿನ ಸೀಟಿನ ಪ್ಲಾಸ್ಟಿಕ್ ಹರಿದು ಚಿಂದಿಯಾಗುವವರೆಗೂ ತೆಗೆಯದ ಜನ ನಾವು. ಫ್ರಿಜ್ಜಿನ ಬಾಗಿಲ ಮೇಲಿನ ತೆಳುಹಾಳೆಯನ್ನು ಹತ್ತು ವರ್ಷ ಉಳಿಸಿಕೊಂಡ ಮನೆ ನನಗೆ ಗೊತ್ತು. ಅದು ನನ್ನದೇ ಮನೆ. ಹೊಳಪು ಕೂಲಿಗೆ ಸಿಕ್ಕ ರಸೀದಿ ಇದ್ದ ಹಾಗೆ. ದುಡ್ಡು ಎಲ್ಲಿಗೆ ಹೋಯಿತು ಎಂದು ದೂರದಿಂದಲೇ ಕಾಣಬೇಕು. ಮೀನುಗಾರರಿಗಾದರೆ ಇನ್ನೂ ಗಟ್ಟಿಯಾದ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟಿನಲ್ಲಿ ಮಲ್ಪೆಯ ಬಂದರಿಗೆ ಹೋದರೆ ರಿಪೇರಿ ಮುಗಿಸಿ, ಬಣ್ಣ ಹಚ್ಚಿಕೊಂಡು ಹೊರಟ ದೋಣಿಗಳನ್ನು ನೋಡುವುದೇ ಒಂದು ಹಬ್ಬ. ಅವರಿಗೆ ಹೊಳಪು ಬರಿಯ ಚಂದಕ್ಕಲ್ಲ. ನಯವಾದ ಮೈಗೆ ಮೀನಿನ ಲೋಳೆ, ಉಪ್ಪು, ಹೊಗೆಯ ಮಸಿ ಹಿಡಿಯುವುದು ಕಡಿಮೆ. ಒಂದು ಪೈಪು ನೀರು ಬಿಟ್ಟರೆ ತೊಳೆದುಹೋಗುತ್ತದೆ. ಮಂದ ಮೈಯ ಸಣ್ಣ ಗುಳಿಗಳಲ್ಲಿ ಎಲ್ಲವೂ ಮನೆ ಮಾಡುತ್ತವೆ. ಆದ್ದರಿಂದ ಮಲ್ಪೆಯವರು ಯಾರಾದರೂ ಇದನ್ನು ಓದಿ ತಮ್ಮ ದೋಣಿಗೆ ಉಪ್ಪುಕಾಗದ ಹಿಡಿದರೆ ಅದಕ್ಕೆ ನಾನು ಹೊಣೆಯಲ್ಲ.

ಹೊಳಪು ಎಂದರೇನು ಎಂದು ಮೂವತ್ತು ವರ್ಷ ಹತ್ತನೆಯ ತರಗತಿಗೆ ಪಾಠ ಮಾಡಿದ್ದೇನೆ. ಕಪ್ಪು ಹಲಗೆಯ ಮೇಲೆ ಗೆರೆ ಎಳೆದು, ಬಂದ ಕೋನ, ಹೋದ ಕೋನ ಎಂದು ಬರೆದು ಮುಗಿಸಿದ್ದೇನೆ. ಅದು ಕಣ್ಣಿಗೆ ಚುಚ್ಚಿದ್ದು ಅರವತ್ತು ದಾಟಿದ ಮೇಲೆ. ಬಣ್ಣದ ಪೊರೆಗೆ ಬಿದ್ದ ಬೆಳಕು ಎರಡು ದಾರಿ ಹಿಡಿಯುತ್ತದೆ. ಹೆಚ್ಚಿನ ಪಾಲು ಒಳಗೆ ಹೊಕ್ಕು, ಬಣ್ಣದ ಕಣಗಳಿಗೆ ತಾಗಿ, ನೀಲಿಯಾಗಿ ಎಲ್ಲ ದಿಕ್ಕಿಗೂ ಚೆದರಿ ಬರುತ್ತದೆ. ಒಂದು ಸಣ್ಣ ಪಾಲು ಒಳಗೆ ಹೋಗದೆ ಮೇಲ್ಮೈಯಿಂದಲೇ ಪುಟಿಯುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ಈ ಪಾಲು ನೂರಕ್ಕೆ ಸುಮಾರು 4 ಮಾತ್ರ. ಆದರೆ ಬೆಳಕು ಓರೆಯಾದಷ್ಟೂ ಅದು ಏರುತ್ತ ಹೋಗಿ, ಮೈಗೆ ಸವರಿಕೊಂಡು ಹೋಗುವಷ್ಟು ಓರೆಯಾದಾಗ ಬಹುಪಾಲು ಪುಟಿದೇಬಿಡುತ್ತದೆ. ಬೆಳಗಿನ ಏಳೂವರೆಯ ಸೂರ್ಯ ಹಾಗೆ ಓರೆಯಾಗಿಯೇ ಬರುವುದು. ಮೇಲಾಗಿ ನಮ್ಮದು ಕಡುನೀಲಿ. ಒಳಗಿನಿಂದ ಚೆದರಿ ಬರುವ ಬೆಳಕೇ ಕಡಿಮೆ. ಹಾಗಾಗಿ ಪುಟಿದ ಬಿಂಬ ಎದ್ದು ಕಾಣುತ್ತದೆ. ಅದೇ ಎನಾಮೆಲ್ ಬಿಳಿಯದಾಗಿದ್ದರೆ ಮೀಸೆ ತಿದ್ದುವ ಮಾತು ಬರುತ್ತಿರಲಿಲ್ಲ.

ಇದನ್ನು ಅಳೆಯುವ ಯಂತ್ರವೂ ಇದೆ. 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು, ನುಣುಪಾದ ಕಪ್ಪು ಗಾಜೊಂದರ ಪುಟಿತಕ್ಕೆ 100 ಅಂಕ ಎಂದು ಇಟ್ಟುಕೊಂಡು ಉಳಿದ ಮೇಲ್ಮೈಗಳಿಗೆ ಅಂಕ ಕೊಡುತ್ತಾರೆ. ಮಾಷ್ಟ್ರ ಕೆಲಸ. ನನ್ನ ಬಳಿ ಆ ಯಂತ್ರವಿರಲಿಲ್ಲ, ಹೊಳೆ ಇತ್ತು.

ಬೆಳಿಗ್ಗೆ ಗಾಳಿ ಏಳುವ ಮುಂಚೆ ನಮ್ಮ ಹೊಳೆಯೂ ಎನಾಮೆಲ್ಲೇ. ಕುದ್ರುವಿನ ಮರಗಳು ತಲೆಕೆಳಗಾಗಿ ಎಣಿಸುವಷ್ಟು ಸ್ಪಷ್ಟ. ಹತ್ತು ಹತ್ತೂವರೆಗೆ ಕಡಲ ಗಾಳಿ ಬರುತ್ತದೆ. ನೀರಿನ ಮೇಲೆ ಬೆರಳಗಲದ ತೆರೆ ಎದ್ದದ್ದೇ ತಡ, ಮರಗಳು ಪುಡಿಯಾಗುತ್ತವೆ. ನೀರು ಬದಲಾಗಿಲ್ಲ, ಪುಟಿಯುವ ಬೆಳಕೂ ಹೆಚ್ಚುಕಡಿಮೆ ಅಷ್ಟೇ. ಒಂದೊಂದು ತೆರೆ ಒಂದೊಂದು ಕಡೆಗೆ ಅದನ್ನು ಎಸೆಯುತ್ತದೆ ಅಷ್ಟೇ. ನೀರಿನ ಮೇಲೆ ಗಾಳಿ ಮಾಡುವ ಕೆಲಸವನ್ನು ನನ್ನ ದೋಣಿಯ ಮೈಮೇಲೆ ಏನಾದರೊಂದು ಮಾಡಬೇಕಿತ್ತು. ಏನು ಎಂಬುದೇ ಪ್ರಶ್ನೆ.

ಪೇಟೆಯ ಬಣ್ಣದಂಗಡಿಯಲ್ಲಿ ಕೇಳಿದೆ. “ಮ್ಯಾಟ್ ಗೋಡೆಗೆ ಸಾರ್, ಗ್ಲಾಸ್ ಗೇಟಿಗೆ,” ಎಂದು ಹುಡುಗ ಸೂತ್ರದ ಹಾಗೆ ಹೇಳಿದ. ಗ್ಲಾಸಿ ಎನ್ನುವುದಕ್ಕೆ ಗ್ಲಾಸ್ ಎಂದದ್ದು, ಅರ್ಥದಲ್ಲಿ ತಪ್ಪಿರಲಿಲ್ಲ. ಹಾಗೆಯೇ ಊರಿನ ಸಲಹೆಗಳೂ ಬಂದವು. ಸೀಮೆಎಣ್ಣೆ ಬೆರೆಸಿ ಹೊಡೆಯಿರಿ ಎಂದರು ಒಬ್ಬರು. ಮುಖದ ಪೌಡರು ಹಾಕಿ ಎಂದರು ಇನ್ನೊಬ್ಬರು. ಸೀಮೆಸುಣ್ಣದ ಪುಡಿಯ ಉಪಾಯ ನನ್ನದೇ. ಮನೆಯಲ್ಲಿ ಎರಡು ಡಬ್ಬಿ ಉಳಿದಿತ್ತು. ಬದಲಿಸಿ ತೆಗೆದ ಹಳೆಯ ಹಲಗೆಯ ತುಂಡೊಂದನ್ನು ಗೆರೆ ಹಾಕಿ ಭಾಗ ಮಾಡಿ ಎಲ್ಲವನ್ನೂ ಪರೀಕ್ಷಿಸಿದೆ.

ಸೀಮೆಎಣ್ಣೆ ಬೆರೆಸಿದ್ದು ನಾಲ್ಕು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಟರ್ಪಂಟೈನ್ ಹೆಚ್ಚು ಹಾಕಿದ್ದು ತೆಳ್ಳಗಾಯಿತೇ ಹೊರತು ಹೊಳಪು ಹೋಗಲಿಲ್ಲ. ಪೌಡರು ಹಾಕಿದ್ದು ಗಂಟುಗಂಟಾಗಿ ದಡಾರ ಎದ್ದ ಮಗುವಿನ ಬೆನ್ನಿನ ಹಾಗೆ ಕಂಡಿತು. ಹತ್ತಿರ ಹೋದರೆ ಮಲ್ಲಿಗೆಯ ವಾಸನೆ. ಸೀಮೆಸುಣ್ಣ ನೋಡಲು ಚೆನ್ನಾಗಿಯೇ ಬಂತು. ಹಲಗೆಯನ್ನು ಎರಡು ದಿನ ಉಪ್ಪುನೀರಿನಲ್ಲಿ ಮುಳುಗಿಸಿ ತೆಗೆದರೆ ಕೈಗೆ ಬೂದು ನೀಲಿ ಬಳಿದುಕೊಂಡಿತು. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಬಣ್ಣದಲ್ಲಿ ಪುಡಿ ಎಷ್ಟು, ಅದನ್ನು ಹಿಡಿದಿಡುವ ಅಂಟು ಎಷ್ಟು ಎಂಬ ಲೆಕ್ಕದ ಮೇಲೆ ಹೊಳಪು ನಿಂತಿದೆ. ಪುಡಿ ಹೆಚ್ಚಾದರೆ ಕಣಗಳು ಮೇಲೆ ತಲೆ ಎತ್ತಿ ಹೊಳಪು ಇಳಿಯುತ್ತದೆ, ಆದರೆ ಅಂಟು ಸಾಲದೆ ಪೊರೆಯಲ್ಲಿ ತೂತು ಬೀಳುತ್ತದೆ. ಕಾರ್ಖಾನೆಯವರು ಇದೇ ಕೆಲಸವನ್ನು ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳಿಂದ ಮಾಡುತ್ತಾರೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಪೊರೆ ಒಣಗಿ ಕುಗ್ಗುವಾಗ ಆ ಕಣಗಳು ಮೇಲ್ಮೈಯನ್ನು ಒಳಗಿನಿಂದ ಚುಚ್ಚಿ ಸಣ್ಣ ತರಿ ಎಬ್ಬಿಸುತ್ತವೆ. ಅಂಗಡಿಯಲ್ಲಿ ಅರೆಹೊಳಪಿನ ಸ್ಯಾಟಿನ್ ಎಂದು ಮಾರುವುದು ಅದನ್ನೇ. ಒಂದು ಸಣ್ಣ ಡಬ್ಬಿ ತಂದೆ. ಮೇಲೆ ಮೇಲೆ ಕಲಕಿ ಹಲಗೆಗೆ ಹಚ್ಚಿದೆ, ಮೊದಲಿನಷ್ಟೇ ಹೊಳೆಯಿತು! ಬೈದುಕೊಂಡು ಡಬ್ಬಿಗೆ ಕೋಲು ಇಳಿಸಿದರೆ ತಳದಲ್ಲಿ ಕೆನೆಯಂತೆ ಕುಳಿತಿತ್ತು, ನಾನು ದುಡ್ಡು ಕೊಟ್ಟು ತಂದ ಮಂದತನ.

ತಳದಿಂದ ಕದಡಿ ಹಚ್ಚಿದಾಗ ಅದು ಒಳ್ಳೆಯದೇ ಆಯಿತು. ಆದರೆ ನಮ್ಮ ನೀಲಿ ಅದರಲ್ಲಿ ಸಿಗಲಿಲ್ಲ. ಪೇಂಟರು ಮೂರು ಡಬ್ಬಿ ಸೇರಿಸಿ ತಯಾರಿಸಿದ ನೀಲಿ ಅದು, ಬೇಸಗೆಯ ಮಧ್ಯಾಹ್ನ ಅಳಿವೆಯ ಆಚೆ ಕಾಣುವ ಕಡಲ ಬಣ್ಣ. ಅದನ್ನು ಮುಚ್ಚುವುದು ನನಗೆ ಬೇಕಿರಲಿಲ್ಲ. ಉಳಿದದ್ದು ಒಂದೇ ದಾರಿ, ಇದ್ದ ಬಣ್ಣವನ್ನೇ ಉಜ್ಜುವುದು.

ಉಜ್ಜುವುದೆಂದರೆ ಕೆಡಿಸುವುದು ಎಂದು ನನಗೆ ಹೆದರಿಕೆಯಿತ್ತು. ಲೆಕ್ಕ ಹಾಕಿದಾಗ ಹೆದರಿಕೆ ಇನ್ನೂ ಹೆಚ್ಚಾಯಿತು. ಎನಾಮೆಲ್ಲಿನ ಒಂದು ಕೋಟು ಒಣಗಿದ ಮೇಲೆ ಉಳಿಯುವುದು ಸುಮಾರು 25–30 ಮೈಕ್ರಾನ್ ದಪ್ಪ. ಮೂರು ಕೋಟು ಸೇರಿದರೂ ಮಿಲಿಮೀಟರಿನ ಹತ್ತನೆಯ ಒಂದು ಪಾಲು ತುಂಬುವುದಿಲ್ಲ. 400ನೇ ನಂಬರಿನ ಉಪ್ಪುಕಾಗದದ ಹರಳೇ ಸರಾಸರಿ 35 ಮೈಕ್ರಾನ್. 1000ದ್ದು 18ರ ಆಸುಪಾಸು. ಬೆಳಕಿನ ತರಂಗವಾದರೋ ಒಂದು ಮೈಕ್ರಾನಿಗಿಂತಲೂ ಚಿಕ್ಕದು. ಅದರ ದಾರಿ ತಪ್ಪಿಸಲು ಆಳವಾದ ಗೀರೇ ಬೇಕಿಲ್ಲ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದ ಗೀರುಗಳು ಒತ್ತೊತ್ತಾಗಿ ಇದ್ದರೆ ಸಾಕು. ನಮ್ಮ ಕಾಡಿನ ಗರಗತ್ತಿ ಮರದ ಎಲೆ ಬೆಕ್ಕಿನ ನಾಲಿಗೆಯಷ್ಟು ತರಿತರಿ. ಉಪ್ಪುಕಾಗದವಿಲ್ಲದ ಕಾಲದಲ್ಲಿ ಮರಗೆಲಸದವರು ಅದರಲ್ಲೇ ಮರ ಉಜ್ಜುತ್ತಿದ್ದರು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ಕೇದಗೆ ಜಾತಿಯ ಒಣಗರಿ ಒತ್ತಿ ಹಿಡಿದು ಅರಗಿನ ಬಣ್ಣಕ್ಕೆ ಹೊಳಪು ಬರಿಸುತ್ತಾರೆ. ಒಂದು ಎಲೆ ಉಜ್ಜಿ ತರಿ ಮಾಡುತ್ತದೆ, ಇನ್ನೊಂದು ಉಜ್ಜಿ ಮಿಂಚಿಸುತ್ತದೆ. ಗರಗತ್ತಿ ಎಲೆಯನ್ನೂ ತುಂಡುಹಲಗೆಯ ಮೇಲೆ ಪ್ರಯತ್ನಿಸಿದೆ. ಕೆಲಸ ಮಾಡುತ್ತದೆ, ಆದರೆ ಹದಿನೆಂಟು ಅಡಿ ದೋಣಿಗೆ ಎರಡು ಮರ ಬೋಳಾಗಬೇಕು.

ಇನ್ನೊಂದು ವಿಷಯ, ಆತುರ ಪಟ್ಟರೆ ಕೆಟ್ಟಿತು. ಎನಾಮೆಲ್ ಮರುದಿನವೇ ಮುಟ್ಟಲು ಒಣಗಿರುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಆಗ ಉಜ್ಜಿದರೆ ಬಣ್ಣ ಉಂಡೆಯಾಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಬಣ್ಣ ಹೊಡೆದು ಐದು ವಾರ ಕಳೆದ ಮೇಲೆ, ಉಗುರು ಒತ್ತಿದರೆ ಗುರುತು ಬೀಳದಿರುವುದನ್ನು ನೋಡಿಕೊಂಡು ಮಾರ್ಚ್ ಕೊನೆಗೆ ಕೈ ಹಾಕಿದೆ.

ಬಕೆಟ್ಟಿನಲ್ಲಿ ನೀರು, ಅದಕ್ಕೆ ಎರಡು ಹನಿ ಪಾತ್ರೆ ಸೋಪು, ನೀರು ಹಾಕಿ ಉಜ್ಜುವ ಉಪ್ಪುಕಾಗದವಾದ ವಾಟರ್ ಪೇಪರಿನ 1000ದ ನಂಬರು, ಅದನ್ನು ಸುತ್ತಿಕೊಳ್ಳಲು ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಒಂದು ತುಂಡು. ಬರಿಯ ಬೆರಳಲ್ಲಿ ಒತ್ತಿದರೆ ಬೆರಳಿನ ಸಾಲೇ ಬಣ್ಣದಲ್ಲಿ ಮೂಡುತ್ತದೆ. ಸುತ್ತುಸುತ್ತಾಗಿ ಉಜ್ಜಬಾರದು, ಬಿಸಿಲಿನಲ್ಲಿ ಒಂದೊಂದು ಸುತ್ತೂ ಜೇಡನ ಬಲೆಯಂತೆ ಮಿನುಗುತ್ತದೆ. ಹಲಗೆ ಓಡಿದ ದಿಕ್ಕಿಗೇ, ಮೂತಿಯಿಂದ ಹಿಂತುದಿಗೆ, ಉದ್ದನೆಯ ಎಳೆತ. ಎರಡು ಮೊಳದಷ್ಟು ಜಾಗ ಉಜ್ಜಿದಾಗ ನೀಲಿ ಹಾಲು ಇಳಿಯುತ್ತದೆ. ಅದು ಹೊಳೆಗೆ ಹೋಗಬಾರದೆಂದು ಕೆಳಗೆ ಹಳೆಯ ಗೋಣಿ ಹಾಸಿದ್ದೆ. ಹಾಲನ್ನು ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟು ನೋಡಬೇಕು. ಅಲ್ಲಲ್ಲಿ ಇನ್ನೂ ಹೊಳೆಯುವ ಚುಕ್ಕೆಗಳು ಉಳಿದಿರುತ್ತವೆ. ಅವು ಹಲಗೆಯ ತಗ್ಗುಗಳು. ಕಾಗದ ಅಲ್ಲಿಗೆ ತಲುಪಿಲ್ಲ.

ಆ ಚುಕ್ಕೆಗಳನ್ನು ಹುಡುಕುತ್ತ ಹೋದಾಗ ದೋಣಿಯ ಇಡೀ ಮೈ ಕೈಗೆ ತಿಳಿಯಿತು. ಬಲಮಗ್ಗುಲಿನ ಮೂರನೆಯ ಹಲಗೆಯಲ್ಲಿ ಅಂಗೈಯಗಲದ ಒಂದು ತಗ್ಗಿದೆ. ಯಾವುದೋ ಮಳೆಗಾಲದಲ್ಲಿ ತೇಲಿಬಂದ ಮರದ ದಿಮ್ಮಿ ಹೊಡೆದದ್ದು. ಅಪ್ಪ ಕೆತ್ತಿ ಸಪಾಟು ಮಾಡಿದ್ದರು. ನನ್ನ ಮುಖ ಸೊಟ್ಟಗೆ ಕಂಡದ್ದು ಅಲ್ಲಿಯೇ. ಹೊಳಪು ಅಂಥದ್ದನ್ನೆಲ್ಲ ಊರಿಗೇ ಹೇಳುತ್ತದೆ. ಐವತ್ತು ವರ್ಷದ ಹಲಗೆಯ ಪ್ರತಿ ಉಬ್ಬು, ಪ್ರತಿ ಮೊಳೆಯ ತಲೆ, ಪುಟ್ಟಿ ತುಂಬಿದ ಪ್ರತಿ ಸಂದೂ ಬಿಂಬವನ್ನು ಮುರಿದು ತೋರಿಸುತ್ತದೆ. ಮಂದವಾದ ಕಡೆ ಅದೇ ತಗ್ಗು ಅಂಗೈಗೆ ಮಾತ್ರ ಗೊತ್ತಾಗುತ್ತದೆ.

ಕಾಗದದ ಕೆಲಸ ಮುಗಿದ ಮೇಲೆ ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಕೊನೆಯ ಸುತ್ತು. ಅಡುಗೆಮನೆಯಿಂದ ಒಂದೊಂದೇ ನಾರು ಕಾಣೆಯಾಗುತ್ತಿದ್ದುದನ್ನು ಹೆಂಡತಿ ಮೂರನೆಯ ದಿನ ಪತ್ತೆ ಮಾಡಿದಳು. “ನಾಲ್ಕು ಪಾತ್ರೆ ತಿಕ್ಕಿ ಎಂದರೆ ಸೊಂಟ ನೋವು. ಹದಿನೆಂಟು ಅಡಿ ದೋಣಿ ತಿಕ್ಕಿದರೆ ಸೊಂಟಕ್ಕೆ ಏನೂ ಆಗುವುದಿಲ್ಲ, ಅಲ್ಲವೇ?” ಉತ್ತರವಿಲ್ಲದ ಪ್ರಶ್ನೆಗಳು ಆ ತಿಂಗಳು ನನ್ನ ಪಾಲಿಗೆ ಹೆಚ್ಚಾಗಿದ್ದವು.

ಎಲ್ಲ ಸರಿಯಾಗಿಯೇ ಆಯಿತೆಂದು ಹೇಳಲಾರೆ. ಮೂತಿಯ ಹತ್ತಿರ ಹಲಗೆಯ ಏಣು ಚೂಪಾಗಿದೆ. ಏಣಿನ ಮೇಲೆ ಬಣ್ಣ ತೆಳುವಾಗಿಯೇ ನಿಂತಿರುತ್ತದೆ, ಒತ್ತಡ ಬೀಳುವುದೂ ಅಲ್ಲಿಯೇ. ಮಾತನಾಡುತ್ತ ಉಜ್ಜುತ್ತಿದ್ದೆ. ಒಂದು ಗೇಣಿನಷ್ಟು ಉದ್ದ ಪ್ರೈಮರಿನ ಗುಲಾಬಿ ಬಣ್ಣ ಹಲ್ಲು ಕಿರಿಯಿತು. ಉಳಿದಿದ್ದ ನೀಲಿಯನ್ನು ಅಲ್ಲಿಗೆ ಹಚ್ಚಿದೆ. ಅದು ಒಣಗಿ, ಸಹಜವಾಗಿಯೇ, ಫಳಫಳ ಹೊಳೆಯಿತು. ಮತ್ತೆ ಐದು ವಾರ ಕಾಯುವ ತಾಳ್ಮೆ ಇರಲಿಲ್ಲ. ಇವತ್ತಿಗೂ ಅದು ಹಾಗೆಯೇ ಇದೆ. ನೀರಿಗೆ ಇಳಿಯುವ ಕೆಳಭಾಗವನ್ನು ನಾನು ಮುಟ್ಟಲಿಲ್ಲ. ಮೇಲಿನ ನಯವಾದ ಅಂಟಿನ ಪದರವೇ ನೀರಿಗೂ ಬಿಸಿಲಿಗೂ ಎದುರು ನಿಲ್ಲುವುದು. ಅದನ್ನು ಗೀರಿದ ಕಡೆ ಬಣ್ಣದ ಆಯಸ್ಸು ಒಂದಿಷ್ಟು ಕಡಿಮೆಯೇ. ನೀರಿನೊಳಗೆ ಹೊಳೆದರೆ ಮೀನಿಗೆ ತೊಂದರೆಯೋ ಏನೋ, ನಮಗಿಲ್ಲ. ಕಾಲುಹಲಗೆಗಳಿಗೆ ಉಪ್ಪುಕಾಗದ ಸಾಲುವುದಿಲ್ಲ. ಅವಕ್ಕೆ ಹೊಸದಾಗಿ ಒಂದು ಕೋಟು ಹೊಡೆದು, ಅದು ಹಸಿಯಿರುವಾಗಲೇ, ಸಿಹಿನೀರಿನಲ್ಲಿ ನಾಲ್ಕು ಸಲ ತೊಳೆದು ಒಣಗಿಸಿದ ನಯ ಮರಳನ್ನು ಹಿಟ್ಟಿನ ಜರಡಿಯಲ್ಲಿ ಉದುರಿಸಿ, ಒಣಗಿದ ಮೇಲೆ ಸಡಿಲವಾದದ್ದನ್ನು ಗುಡಿಸಿ, ಮೇಲೆ ಇನ್ನೊಂದು ತೆಳು ಕೋಟು. ಈಗ ಅಲ್ಲಿ ಬರಿಗಾಲು ಜಾರುವುದಿಲ್ಲ. ಹಿಟ್ಟಿನ ಜರಡಿಯ ವಿಷಯ ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ.

ಈ ನಡುವೆ ಒಂದು ಮದುವೆಗೆಂದು ಕಾರವಾರಕ್ಕೆ ಹೋಗಿದ್ದೆ. ಅರ್ಗಾದ ಬಳಿ ಹೆದ್ದಾರಿಯಿಂದ ನೌಕಾಪಡೆಯ ನೆಲೆಯ ಹಡಗುಗಳು ದೂರಕ್ಕೆ ಕಂಡವು. ಬೂದು, ಒಣ ಬೂದು. ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ನನಗೆ ಆ ಮೈಗಳಲ್ಲಿ ಸಂಜೆಯ ಸೂರ್ಯ ಎಲ್ಲಿಯೂ ಸಿಗಲಿಲ್ಲ. ಕಾಣಿಸಿಕೊಳ್ಳಬಾರದ ಹಡಗಿಗೆ ಮಿನುಗು ಶತ್ರು. ಮೈಲಿಗಟ್ಟಲೆ ದೂರದಿಂದ ಒಂದು ಮಿಂಚು ಸಾಕು. ಅದೇ ನೆಲೆಯಲ್ಲಿ 2025ರ ಮೇ 21ರಂದು ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗಿನ ಚಿತ್ರವನ್ನು ನಾನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೆ. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಮನೆಗೆ ಬಂದು ಆ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಕಂದು ಮೈ, ಹೊಲಿಗೆಯ ಸಾಲು. ಅಪ್ಪನ ದೋಣಿಯ ಹಾಗೆ ಅದೂ ಬೆಳಕನ್ನು ಹಿಂದಕ್ಕೆ ಎಸೆಯುತ್ತಿರಲಿಲ್ಲ. ಜಗಲಿಯ ಊಟ ನೆನಪಾಯಿತು.

ಏಪ್ರಿಲ್ ಎರಡನೆಯ ವಾರ ದೋಣಿ ಮತ್ತೆ ನೀರಿಗಿಳಿಯಿತು. ಬೆಳಿಗ್ಗೆ ಏಳೂವರೆಗೇ ಹೋದೆವು. ಚಿಕ್ಕಪ್ಪ ಕಣ್ಣು ಮುಚ್ಚಿಕೊಳ್ಳಲಿಲ್ಲ. ಮೂತಿಯ ಒಳಹಲಗೆಯಲ್ಲಿ ಸೂರ್ಯ ಕರಗಿಹೋಗಿದ್ದ, ಅವನಿದ್ದ ಕಡೆ ಹಾಲು ಚೆಲ್ಲಿದಂಥ ಒಂದು ಬೆಳಕು ಮಾತ್ರ. ತೀರ ಓರೆಯಿಂದ, ಹಲಗೆಗೆ ಕೆನ್ನೆ ತಾಗಿಸಿ ನೋಡಿದರೆ ಈಗಲೂ ಮಿಂಚುತ್ತದೆ. ಆ ಕೋನದಲ್ಲಿ ಉಪ್ಪುಕಾಗದದ ಆಟ ನಡೆಯುವುದಿಲ್ಲ. ಆದರೆ ದೋಣಿಗೆ ಕೆನ್ನೆ ಕೊಟ್ಟು ಗಳ ಹಾಕುವವರು ಯಾರೂ ಇಲ್ಲ.

ಪೇಂಟರು ಮಾತ್ರ ಈ ಕಡೆ ಬರಲೇ ಇಲ್ಲ. ಎರಡು ಸಲ ಪೇಟೆಯಲ್ಲಿ ಸಿಕ್ಕಿದರು, ಮಳೆ ಬಿಸಿಲಿನ ಮಾತಾಡಿದರು, ದೋಣಿಯ ಮಾತು ತೆಗೆಯಲಿಲ್ಲ. ತೆಗೆಯುವ ಧೈರ್ಯ ನನಗೂ ಬರಲಿಲ್ಲ. ಯಾರೋ ಅವರಿಗೆ ಹೇಳಿದ್ದರು, “ನೀವು ಹೊಡೆದ ಬಣ್ಣವನ್ನು ಮಾಷ್ಟ್ರು ತಿಕ್ಕಿ ತೆಗೆದರು” ಎಂದು. ತೆಗೆದದ್ದು ಒಂದೆರಡು ಮೈಕ್ರಾನ್ ಎಂದು ಯಾರಿಗೆ ವಿವರಿಸುವುದು? ಒಬ್ಬ ಕೆಲಸಗಾರ ಕೂಲಿ ಇಲ್ಲದೆ ಹೊಡೆದುಕೊಟ್ಟ ಮೂರನೆಯ ಕೋಟು ಅದು.

ಮೇ ಕೊನೆಯಲ್ಲಿ ಅವರು ನಮ್ಮ ಮನೆಗೆ ಬಂದರು, ದೋಣಿಗಾಗಿ ಅಲ್ಲ, ಮಗಳ ಮನೆಯ ಒಕ್ಕಲಿಗೆ ಕರೆಯಲು. ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಂತೆ ಪಡುವಣ ಕಪ್ಪಾಯಿತು. ರೋಹಿಣಿಯ ಮಳೆ, ಹೇಳದೆ ಕೇಳದೆ ಸುರಿಯಿತು. ದೋಣಿ ದಂಡೆಯ ಗೂಟಕ್ಕೆ ಕಟ್ಟಿಕೊಂಡು ಎದುರಿಗೇ ಇತ್ತು.

ಪಾಠ ಮಾಡುತ್ತಿದ್ದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ನಾನು ಒಂದು ವಾರ ಸೊಂಟ ಮುರಿದು ಹಾಕಿದ ಗೀರುಗಳನ್ನೆಲ್ಲ ನೀರು ಅರ್ಧ ನಿಮಿಷದಲ್ಲಿ ತುಂಬಿತು. ತುಂಬಿದ ನೀರಿನ ಪೊರೆ ಗಾಜಿನಷ್ಟು ನಯ. ಕಡುನೀಲಿ ಇನ್ನೂ ಕಡುವಾಯಿತು. ಮೂತಿಯಿಂದ ಹಿಂತುದಿಯವರೆಗೆ ದೋಣಿ ಫೆಬ್ರವರಿಯ ಆ ಬೆಳಿಗ್ಗೆ ಇದ್ದಷ್ಟೇ ಹೊಳೆಯತೊಡಗಿತು. ಇಬ್ಬನಿ ಬಿದ್ದು ಕೆಟ್ಟಿದ್ದ ನಾಲ್ಕು ಅಡಿಯೂ ಬಿಡದೆ.

ಪೇಂಟರು ಲೋಟ ಕೆಳಗಿಟ್ಟು ಎದ್ದು ಜಗಲಿಯ ಅಂಚಿಗೆ ಹೋದರು. ಸೂರಿನ ನೀರು ಅಂಗಿಯ ತೋಳಿಗೆ ಸಿಡಿಯುತ್ತಿತ್ತು. ಬಹಳ ಹೊತ್ತು ಹಾಗೆಯೇ ನಿಂತಿದ್ದರು.

“ಮೂರನೆಯ ಕೋಟು ಕೂತಿದೆ ಮಾಷ್ಟ್ರೇ,” ಎಂದರು.